ಹಸಿರು ಹಳದಿಯಾಗುವ ಶಾಸ್ತ್ರ

1903–04ರ ಹೊತ್ತಿಗೆ ಮೈಸೂರಿನಲ್ಲಿ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಶುರುವಾದಾಗ ನಗರ ಯೋಜನೆಯಲ್ಲಿ ಪದವಿ ಪಡೆದವರು ಇಲ್ಲಿ ಒಬ್ಬರೂ ಇರಲಿಲ್ಲ. ಎಲ್ಲಿಂದ ಬರಬೇಕು? ಲಿವರ್‌ಪೂಲಿನಲ್ಲಿ ಆ ವಿದ್ಯೆಗೆಂದೇ ವಿಭಾಗ ತೆರೆದದ್ದು 1909ರಲ್ಲಿ. ನಮ್ಮ ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಪಾಠ ಮಾಡಿದ ಮೇಷ್ಟ್ರು ಪ್ಲೇಗು. ಮನೆಯಲ್ಲಿ ಇಲಿ ಸತ್ತರೆ ಊರು ಬಿಡಬೇಕಿದ್ದ ಕಾಲ ಅದು. ಗಾಳಿ ಬೆಳಕು ಆಡಬೇಕು, ಚರಂಡಿ ಹರಿಯಬೇಕು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇರಬೇಕು ಎಂಬಷ್ಟೇ ಸಿಲಬಸ್ಸು. ಫೇಲಾದವರಿಗೆ ಸಪ್ಲಿಮೆಂಟರಿ ಇರಲಿಲ್ಲ, ಸ್ಮಶಾನ ಇತ್ತು.

ಈಗ ದೇವರ ದಯೆಯಿಂದ ಪದವಿಗಳಿವೆ. ಮಾನಸಗಂಗೋತ್ರಿಯಲ್ಲೇ ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಎಂ.ಟೆಕ್ ಮಾಡಬಹುದು. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಟ್ರೇಸಿಂಗ್ ಶೀಟುಗಳ ಕಾಲ ಮುಗಿದು ಜಿಐಎಸ್ ಬಂತು, ಉಪಗ್ರಹ ಚಿತ್ರ ಬಂತು. ದೆಹಲಿಯಲ್ಲಿ ಯೋಜನೆಯ ಹೆಸರು ಬದಲಾದಂತೆ ಇಲ್ಲಿ ಸೆಮಿನಾರಿನ ಬ್ಯಾನರ್ ಬದಲಾಯಿತು: 2005ರಲ್ಲಿ ನಗರ ನವೀಕರಣದ ನರ್ಮ್, ಆಮೇಲೆ ಸ್ಮಾರ್ಟ್ ಸಿಟಿ. ದೇಶದ ಅತ್ಯಂತ ಸ್ವಚ್ಛ ನಗರ ಎನಿಸಿಕೊಂಡಿದ್ದ ಮೈಸೂರು ಆ ನೂರು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ, ಪಾಪ.

ಬದಲಾಗದೆ ಉಳಿದದ್ದು ಭೂಬಳಕೆ ನಕ್ಷೆಯ ಬಣ್ಣ. ವಾಸಕ್ಕೆ ಹಳದಿ, ಉದ್ಯಾನಕ್ಕೆ ಹಸಿರು. ಹುಡುಗ ರಾತ್ರಿಯೆಲ್ಲ ನಿದ್ದೆಗೆಟ್ಟು ಹಸಿರು ತುಂಬಿ ಅಂಕ ಗಿಟ್ಟಿಸುತ್ತಾನೆ. ಮುಂದಿನ ವಿದ್ಯೆಯನ್ನು ಕಲಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಭೂಬಳಕೆ ಬದಲಿಸಲು ದಾರಿ ಕೊಡುವ 14-ಎ ಕಲಂ. ಮರದ ಎಲೆ ಹಳದಿಯಾಗಲು ಶಿಶಿರ ಬರಬೇಕು. ನಕ್ಷೆಯ ಹಸಿರಿಗೆ ಅರ್ಜಿ ಬಂದರೆ ಸಾಕು.

ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್‌ಲೆಂಡಿನ ಮುದುಕ ನೂರು ವರ್ಷದ ಹಿಂದೆ ಇಂಡಿಯಾವನ್ನೆಲ್ಲ ಸುತ್ತಿ, ಸಮೀಕ್ಷೆ ಮೊದಲು, ಯೋಜನೆ ಆಮೇಲೆ ಎಂದು ಬಡಕೊಂಡ. ತರಗತಿಯಲ್ಲಿ ಇಂದಿಗೂ ಅವನದೇ ಮಂತ್ರ. ರಿಂಗ್ ರೋಡಿನಾಚೆಗೆ ಬೇರೆ ಶಾಸ್ತ್ರ: ಮೊದಲು ಕ್ರಯಪತ್ರ, ಆಮೇಲೆ ಗೃಹಪ್ರವೇಶ, ಆಮೇಲೆ ಬೋರ್‌ವೆಲ್ಲು, ಚುನಾವಣೆ ಬಂದರೆ ರಸ್ತೆ. ಯೋಜನೆ ಕಟ್ಟಕಡೆಗೆ, ಅಕ್ರಮ-ಸಕ್ರಮ ಎಂಬ ಹೆಸರಿನಲ್ಲಿ. ರಾಜಕಾಲುವೆ ಎಲ್ಲಿತ್ತೆಂದು ತಿಳಿಯಲು ಸಮೀಕ್ಷೆ ಯಾಕೆ? ಒಂದು ಜೋರು ಮಳೆ ಬಂದರೆ ನೀರೇ ಬಂದು ತೋರಿಸುತ್ತದೆ.

2024ರಲ್ಲಂತೂ ನಿವೇಶನ ಹಂಚಿಕೆಯ ಗದ್ದಲ ಎದ್ದು ಇಡೀ ರಾಜ್ಯವೇ ನಮ್ಮ ಮುಡಾದ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ, ವಿದ್ಯಾರ್ಥಿಯಾಯಿತು. 50:50 ಅನುಪಾತ, ಬದಲಿ ನಿವೇಶನ, ಪರಿಹಾರ ಎಂಬ ಪಾರಿಭಾಷಿಕ ಪದಗಳು ಹೋಟೆಲಿನ ಕಾಫಿ ಮೇಜಿಗೆ ಇಳಿದವು. ಎಂ.ಟೆಕ್‌ನ ನಾಲ್ಕು ಸೆಮಿಸ್ಟರು ಮಾಡಲಾಗದ್ದನ್ನು ಟಿವಿ ನಾಲ್ಕೇ ವಾರದಲ್ಲಿ ಮಾಡಿತು.

ಆದ್ದರಿಂದ ಪಠ್ಯ ಸಮಿತಿಯ ಮಾನ್ಯರಲ್ಲಿ ಅರಿಕೆ. ‘ಸೈಟು’ ಎಂಬ ಕಡ್ಡಾಯ ಪತ್ರಿಕೆಯೊಂದಿರಲಿ. ಸರ್ಕಾರಕ್ಕೆ ಅದು ಮತ, ಅಧಿಕಾರಿಗೆ ಸಹಿ, ಮೈಸೂರಿನ ಮಧ್ಯಮ ವರ್ಗಕ್ಕೆ ಮೋಕ್ಷ. ಇಷ್ಟೆಲ್ಲ ಆದದ್ದನ್ನು ಐಚ್ಛಿಕವಾಗಿ ಓದಿಸುವುದು ಅನ್ಯಾಯ. ಪಾಠಕ್ಕೆ ಬ್ರೋಕರುಗಳನ್ನೇ ಕರೆಸಿ. ಸರ್ವೆ ನಂಬರು ಅವರಷ್ಟು ಬಾಯಿಪಾಠ ಮಾಡಿಕೊಂಡ ಪ್ರಾಧ್ಯಾಪಕರಿಲ್ಲ. ಅತಿಥಿ ಉಪನ್ಯಾಸಕರಿಗೆ ಗೌರವಧನ ಕೊಡುವ ತಾಪತ್ರಯವೂ ಇಲ್ಲ. ಒಂದು ಮೂವತ್ತು-ನಲವತ್ತು ಕೊಟ್ಟರಾಯಿತು. ಕಾರ್ನರ್ ಆದರೆ ಪ್ರಾಕ್ಟಿಕಲ್ಲೂ ಮಾಡಿಸುತ್ತಾರೆ.