ಸೋರುವುದೊಂದು ಕಡೆ, ತೂತೊಂದು ಕಡೆ

ಮಲೆನಾಡಿನ ಹಂಚಿನ ಮನೆಯ ಕಷ್ಟ ಇಷ್ಟೇ: ಮಳೆಯಲ್ಲಿ ಸೋರುವ ಜಾಗ ಗೊತ್ತಾಗುತ್ತದೆ, ಮಾಡು ಹತ್ತಲಾಗುವುದಿಲ್ಲ. ಬಿಸಿಲಲ್ಲಿ ಹತ್ತಬಹುದು, ಸೋರಿದ್ದೆಲ್ಲಿ ಎಂದು ಯಾರಿಗೂ ನೆನಪಿರುವುದಿಲ್ಲ.

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಮನೆಯ ಪಾತ್ರೆಗಳಿಗೆ ವರ್ಗಾವಣೆಯ ಆದೇಶ ಹೊರಡುತ್ತದೆ. ಬಚ್ಚಲ ಬಕೆಟ್ಟು ಜಗಲಿಗೆ, ಹಾಲಿನ ಕ್ಯಾನು ದೇವರ ಕೋಣೆಗೆ. ಬಂದ ನೆಂಟರು ಬಕೆಟ್ಟು ಕಂಡ ಕೂಡಲೇ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗೆ’ ಹಾಡು ಶುರುಮಾಡುತ್ತಾರೆ. ಶರೀಫರ ಸೀಮೆಯ ಮಾಳಿಗೆ ಮಣ್ಣಿನದು, ನಮ್ಮದು ಮಂಗಳೂರು ಹಂಚಿನದು ಎಂದರೆ ಕೇಳುವವರಿಲ್ಲ. ಹಾಡಲು ನಾಲ್ಕು ಜನ, ಏಣಿ ಹಿಡಿಯಲು ಒಬ್ಬರೂ ಇಲ್ಲ.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ ಹಂಚು ಇದು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುತ್ತದೆ, ನೀರು ಜಾರಿ ಹೋಗುತ್ತದೆ. ಲೆಕ್ಕ ಪಕ್ಕಾ. ಮಂಗನನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಸೋರಿಕೆಯ ತನಿಖೆಯಲ್ಲಿ ಮನೆಮಂದಿಗೆಲ್ಲ ಒಂದೊಂದು ವಾದ. ಅಪ್ಪಯ್ಯನಿಗೆ ಮಂಗನ ಮೇಲೆ ಅನುಮಾನ, ಅಮ್ಮನಿಗೆ ಹಲಸಿನ ಎಲೆಯ ಮೇಲೆ, ಚಿಕ್ಕಪ್ಪನಿಗೆ ಮಾಡು ಕಟ್ಟಿದ ಆಚಾರಿಯ ಮೇಲೆ. ಎಲ್ಲರೂ ನೋಡುವುದು ಮಾತ್ರ ಬಕೆಟ್ಟಿನ ನೆತ್ತಿಯನ್ನೇ. ಆದರೆ ನೀರಿಗೆ ನೆಟ್ಟಗೆ ಬೀಳುವ ಅಭ್ಯಾಸವಿಲ್ಲ. ಒಡೆದ ಹಂಚಿನಿಂದ ರೀಪಿಗಿಳಿದು, ಪಕಾಸಿಯ ಮೈ ಹಿಡಿದು ಜಾರಿ, ಮನಸ್ಸು ಬಂದಲ್ಲಿ ತೊಟ್ಟಿಕ್ಕುತ್ತದೆ. ತೂತು ಇರುವುದು ಮೇಲೆ, ಮಾಡಿನ ನೆತ್ತಿಯ ಕಡೆಗೆ.

ಹಂಚು ಕೈಯಾಡಿಸಲು ಬರುವ ಮೇಸ್ತ್ರಿ ವಾದಕ್ಕೆ ಇಳಿಯುವುದಿಲ್ಲ. ಹಗಲಲ್ಲೇ ಅಟ್ಟ ಹತ್ತಿ, ದೀಪ ಆರಿಸಿ ಮೇಲೆ ನೋಡುತ್ತಾರೆ. ಬೆಳಕಿನ ಚುಕ್ಕಿ ಕಂಡಲ್ಲಿ ಹಂಚು ಒಡೆದಿದೆ, ಇಲ್ಲವೇ ಜರುಗಿದೆ. ಜರುಗಿದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಿ, ಎರಡು ಮಾಡು ಕೂಡುವ ಮೂಲೆಯ ತಗಡಿನಿಂದ ಕಸ ತೆಗೆಯುತ್ತಾರೆ. ಅಲ್ಲಿ ಎಲೆ ಕಟ್ಟಿಕೊಂಡರೆ ನೀರು ತಗಡು ಮೀರಿ ಒಳಗೆ ಬರುತ್ತದೆ. ಅಮ್ಮನ ವಾದಕ್ಕೂ ಹುರುಳಿತ್ತು!

ಹುಮ್ಮಸ್ಸಿನಿಂದ ತಾವೇ ಮಾಡು ಹತ್ತುವವರಿಗೆ ಒಂದು ಮಾತು: ಒಂದು ಹಂಚು ಸರಿಮಾಡಲು ಹೋಗಿ ನಾಲ್ಕು ಒಡೆದು ಇಳಿಯುವವರೇ ಹೆಚ್ಚು. ಕೊಟ್ಟಿಗೆಯ ಹಿಂದಿರುವ ಹಳೆಯ ಹಂಚನ್ನೂ ಎಸೆಯಬೇಡಿ. ಬೇರೆ ಕಾರ್ಖಾನೆಯದು ಎಷ್ಟೋ ಸಲ ಮಾಡಿನ ಹಂಚಿನ ಜೊತೆ ಕೂರುವುದಿಲ್ಲ.

ಸೋರುವಾಗಲೇ ಪಕಾಸಿಯ ಒದ್ದೆ ಗೆರೆ ಹಿಡಿದು ಮೇಲಕ್ಕೆ ನೋಡಿ, ಅದು ಶುರುವಾಗುವಲ್ಲಿ ಸುಣ್ಣದ ಗುರುತು ಹಾಕಿಡಿ. ಮೇಸ್ತ್ರಿಗೆ ಏಪ್ರಿಲ್‌ನಲ್ಲೇ ಹೇಳಿ. ಮೇ ಕೊನೆಗೆ ಇಡೀ ಊರಿಗೇ ಅವರ ನೆನಪಾಗಿರುತ್ತದೆ.