ವಾಷಿಂಗ್ಟನ್ನಿನ ಪಿತೃಪಕ್ಷ

ನಾವು ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ವಡೆ, ಪಾಯಸ, ಚಟವಿದ್ದವರಾದರೆ ಪಕ್ಕದಲ್ಲೊಂದು ಬೀಡಿ. ಕಾಗೆ ಬಂದು ಮುಟ್ಟಿದರೆ ಆ ವರ್ಷದ ಲೆಕ್ಕ ಚುಕ್ತಾ. ಅಮೆರಿಕದ ಕೃಷಿ ಇಲಾಖೆಯ ಕೈ ಇನ್ನೂ ಧಾರಾಳ. 1999ರಿಂದ 2005ರವರೆಗೆ ಅದು 1,72,801 ಮಂದಿ ದಿವಂಗತರ ಹೆಸರಿಗೆ 110 ಕೋಟಿ ಡಾಲರ್ ಸಹಾಯಧನ ಕೊಟ್ಟಿತು. 2007ರಲ್ಲಿ ಇದನ್ನು ತಲೆ ಎಣಿಸಿ ಬರೆದಿಟ್ಟವರು ಅಲ್ಲಿನ ಸಂಸತ್ತಿನದೇ ಲೆಕ್ಕ ತಪಾಸಕರು.

ಎಲ್ಲವೂ ಕಳ್ಳಲೆಕ್ಕ ಎಂದರೆ ಪಾಪ ಬರುತ್ತದೆ. ರೈತ ಸತ್ತರೆ ಆಸ್ತಿ ಇತ್ಯರ್ಥವಾಗುವ ತನಕ, ಎರಡು ವರ್ಷ, ಅವನ ಪಾಲಿನ ದುಡ್ಡು ಬರಲು ನಿಯಮವೇ ಇದೆ. ಆಮೇಲೂ ಬೇಕೆಂದರೆ ಕಚೇರಿ ವರ್ಷವರ್ಷ ವಿಚಾರಿಸಬೇಕು. ಸಾವಿನ ಮನೆಯವರನ್ನು ಪದೇ ಪದೇ ಕೆಣಕುವುದು ಸಂಕೋಚವಲ್ಲವೇ? ಹಾಗಾಗಿ ನೂರಕ್ಕೆ 40 ಪಾಲು ದುಡ್ಡು ಸತ್ತು ಮೂರು ವರ್ಷವಾದವರಿಗೆ, 19 ಪಾಲು ಏಳು ವರ್ಷವಾದವರಿಗೆ ಸಂದಿತು.

ಇಲಿನಾಯ್ ರಾಜ್ಯದಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುವ ದೊಡ್ಡ ಜಮೀನೊಂದರ ಪಾಲುದಾರ 1995ರಲ್ಲೇ ತೀರಿಕೊಂಡಿದ್ದ. ತಪಾಸಕರು ನೋಡಿದ ಏಳು ವರ್ಷಗಳಲ್ಲಿ ಅವನ ಪಾಲಿಗೆ 4 ಲಕ್ಷ ಡಾಲರ್ ಮೀರಿ ಬಂತು. ಎಡೆ ಅವನದು, ಉಂಡ ಕಾಗೆಗಳು ಬೇರೆ. ಫಲಾನುಭವಿ ಖುದ್ದಾಗಿ ಬೇಸಾಯದಲ್ಲಿ ತೊಡಗಿರಬೇಕು ಎಂಬ ನಿಯಮ ಅಡ್ಡ ಬರಲಿಲ್ಲವೇ ಎನ್ನುತ್ತೀರಿ. ನೇಗಿಲು ಹಿಡಿಯಲೇಬೇಕೆಂದು ಆ ನಿಯಮದಲ್ಲಿಲ್ಲ. ಜಮೀನೋ ಬಂಡವಾಳವೋ ಹಾಕಿ, ಮೇಲ್ವಿಚಾರಣೆ ನೋಡಿಕೊಂಡರೂ ನಡೆಯುತ್ತದೆ. ಮೇಲಿಂದಲೇ ವಿಚಾರಿಸುವವನಿಗಿಂತ ಒಳ್ಳೆಯ ಮೇಲ್ವಿಚಾರಕ ಎಲ್ಲಿ ಸಿಕ್ಕಾನು?

ದೊಡ್ಡ ದೇಶ, ಗೊತ್ತಾಗಲಿಲ್ಲ ಎಂದು ಬಿಟ್ಟುಬಿಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಈ ಅರ್ಜಿಗಳನ್ನು ನೋಡುವುದು ಕೌಂಟಿ ಕಚೇರಿ. ನಮ್ಮ ತಾಲ್ಲೂಕು ಕಚೇರಿಯ ಹಾಗೆ ಅಂದುಕೊಳ್ಳಿ. ಅದಕ್ಕೊಂದು ಸಮಿತಿ. ಅದರಲ್ಲಿ ಕೂರುವವರು ಸುತ್ತಮುತ್ತಲಿನ ರೈತರು ಓಟು ಹಾಕಿ ಆರಿಸಿದ, ಅದೇ ಸುತ್ತಮುತ್ತಲಿನ ರೈತರು. ಅಂಥ ಕಡೆ ಯಾರ ಹಸು ಈಯಿತು ಎಂಬುದೂ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಮಣ್ಣಿಗೆ ಹೋಗಿ ಬಂದ ಊರಿಗೆ ಸತ್ತವನು ಸತ್ತ ಸುದ್ದಿ ಮಾತ್ರ ಮುಟ್ಟಿರಲಿಲ್ಲ.

ಬದುಕಿದ್ದವರಿಗೂ ಮೋಸವಾಗಲಿಲ್ಲ ಬಿಡಿ. 1996ರ ಕಾನೂನು ಹಿಂದೆ ಬೆಳೆದ ಎಕರೆ ಲೆಕ್ಕಕ್ಕೆ ದುಡ್ಡು ಕೊಟ್ಟಿತು. ಈಗ ಬೆಳೆಯಲೇಬೇಕೆಂಬ ಹಟ ಅದಕ್ಕಿರಲಿಲ್ಲ. ಟೆಕ್ಸಸ್‌ನಲ್ಲಿ ಭತ್ತದ ಗದ್ದೆಗಳು ಸೈಟುಗಳಾದವು, ಮನೆ ಕಟ್ಟಿಕೊಂಡವರ ಹಿತ್ತಲಿಗೆ ಭತ್ತದ ದುಡ್ಡು ಬಂತು. ಬೇಸಾಯವನ್ನೇ ಮಾಡದವರಿಗೆ 2000ದಿಂದೀಚೆಗೆ 130 ಕೋಟಿ ಡಾಲರ್ ಹೋಗಿದೆ ಎಂದು 2006ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಲೆಕ್ಕ ಹಾಕಿತು. ಸತ್ತವರಿಗಿಂತ 20 ಕೋಟಿ ಹೆಚ್ಚು. ಉಸಿರಾಡಿದ್ದಕ್ಕೆ ಅಷ್ಟಾದರೂ ಕೂಲಿ ಬೇಡವೇ!

ಹಳೆಯ ಎಕರೆ ಲೆಕ್ಕಕ್ಕೆ ದುಡ್ಡು ಕೊಡುವ ಆ ಯೋಜನೆಯನ್ನು 2014ರಲ್ಲಿ ನಿಲ್ಲಿಸಿದರು. ಕೌಂಟಿ ಕಚೇರಿಗಳೂ ತಮ್ಮ ಪಟ್ಟಿಯನ್ನು ಸರ್ಕಾರದ ಮರಣ ಪಟ್ಟಿಯ ಜೊತೆ ತಾಳೆ ನೋಡಲು ಕಲಿತಿದ್ದವು. 2013ರಲ್ಲಿ ಅದೇ ತಪಾಸಕರು ಅದೇ ಇಲಾಖೆಯ ಬೆಳೆ ವಿಮೆ ವಿಭಾಗಕ್ಕೆ ಹೊಕ್ಕು ನೋಡಿದರು. ಅಲ್ಲಿ ಸತ್ತು ಎರಡು ವರ್ಷ ದಾಟಿದ 3,434 ಮಂದಿಯ ಪಾಲಿಸಿಗಳಿಗೆ 2.2 ಕೋಟಿ ಡಾಲರ್ ಸಹಾಯಧನ ಸಂದಿತ್ತು.