ಗಾಳಿಯೋ ಗಾಲಿಯೋ?

ನಿಮ್ಮ ಕಾರಿನ ಡ್ಯಾಶ್‌ಬೋರ್ಡಲ್ಲಿ ಒಂದು ಹಳದಿ ದೀಪ ಇದೆ ನೋಡಿ, ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ನಿಲ್ಲಿಸಿದ ಹಾಗೆ. ಅದು ಎಷ್ಟು ದಿನದಿಂದ ಉರೀತಿದೆ? ನಿಜ ಹೇಳಿ, ಯಾರಿಗೂ ಹೇಳಲ್ಲ. ಮನೆಯವರು ಕೇಳಿದ್ದಕ್ಕೆ ‘ಅದು ಸೆನ್ಸರ್ ಪ್ರಾಬ್ಲಂ’ ಅಂದು ಬಾಯಿ ಮುಚ್ಚಿಸಿದ್ದೀರಿ ತಾನೆ? (ಸೆನ್ಸರ್ ಎಲ್ಲಿದೆ ಅಂತ ಮರುಪ್ರಶ್ನೆ ಬರಲಿಲ್ಲ, ನಿಮ್ಮ ಪುಣ್ಯ.)

ನಾಚ್ಕೋಬೇಡಿ, ನಾನೂ ನಿಮ್ಮ ಪಂಗಡವೇ. ಬೇಸಿಗೇಲಿ ಬೆಂಗಳೂರಿಂದ ವಿಶಾಖಪಟ್ಟಣಕ್ಕೆ ಹೊರಟವನು ವಿಜಯವಾಡದಲ್ಲಿ ಇಳಿದು ನೋಡ್ತೀನಿ, ಮುಂದಿನ ಎರಡೂ ಟೈರು ತಿರುಪತಿ ಗುಂಡು! ಹೊಸವು ಹಾಕಿಸೋಣ ಅಂತ ಆಟೋನಗರಕ್ಕೆ ಹೋದೆ. ಹುಡುಗ ಬಗ್ಗಿ ನೋಡಿ ‘ಗಾಲಿ ತಕ್ಕುವ ಉಂದಿ’ ಅಂದ. ಎದೆ ಧಸಕ್ಕಂತು. ಗಾಲಿ ಕಮ್ಮಿ ಇದೆಯಾ? ಎಣಿಸಿದೆ, ನಾಲ್ಕೂ ಇದ್ದವು.

(ತೆಲುಗಿನ ಗಾಲಿ ನಮ್ಮ ಗಾಳಿ. ನಮ್ಮ ಗಾಲಿ ಅವರಿಗೆ ಚಕ್ರಂ. ಆಮೇಲೆ ‘ಗಾಲಿ ಕೊಟ್ಟಾಲಾ?’ ಅಂದಾಗಲೂ, ಕೊಟ್ಟುಬಿಟ್ಟರೆ ಊರಿಗೆ ಹೋಗೋದು ಹೇಗಪ್ಪಾ ಅನ್ನಿಸಿತ್ತು. ಪಾಪ, ಅವನು ಕೇಳಿದ್ದು ಗಾಳಿ ಹೊಡೀಬೇಕಾ ಅಂತ.)

ಎಷ್ಟು ಹೊಡೀಬೇಕು ಅಂದರೆ ನೀವೇನಂತೀರಿ? ‘35 ಹಾಕಪ್ಪ.’ ಯಾಕೆ 35? ನಿಮ್ಮ ಭಾವ ಹಾಕಿಸೋದು ಅಷ್ಟೇ, ಅದಕ್ಕೆ. (ಗಾಳಿಯ ಅಳತೆ ಪಿಎಸ್‌ಐ ಅಂತೆ. ನಮಗೆ ಗೊತ್ತಿರೋ ಪಿಎಸ್‌ಐ ಸ್ಟೇಷನ್ನಿನ ಸಬ್ ಇನ್‌ಸ್ಪೆಕ್ಟರು. ಒಂದು ಟೈರಿಗೆ 35 ಜನ!) ಅದೂ ಸಾಲದು ಅಂತ ನಾನು ಜಾಣತನ ತೋರಿಸಿದೆ. ಬೇಸಿಗೇಲಿ 45 ಡಿಗ್ರಿ ಮುಟ್ಟೋ ಊರು, ಟೈರು ಸಿಡಿದೀತು, ನಾಲ್ಕಕ್ಕೂ ನಾಲ್ಕು ಪಾಯಿಂಟ್ ಇಳಿಸು ಅಂದೆ. ನಗಬೇಡಿ, ನೀವೂ ಹಾಗೇ ಅಂತಿದ್ರಿ. ಅಸಲಿಗೆ ಬಿಸಿಲಲ್ಲಿ ಸಿಡಿಯೋದು ಗಾಳಿ ಕಮ್ಮಿ ಇರೋ ಟೈರೇ. ಪಕ್ಕೆ ಮಡಚಿ ಮಡಚಿ ಒಳಗೊಳಗೇ ಕಾದುಹೋಗುತ್ತೆ.

ವಿಜಯವಾಡದ ದುರ್ಗಮ್ಮನ ಬೆಟ್ಟದ ಕೆಳಗೆ ನಾಲ್ಕು ನಿಂಬೆಹಣ್ಣು ಚಪ್ಪಟೆ ಮಾಡಿ ಹೆದ್ದಾರಿ 16 ಹತ್ತಿದೆ. ಏಲೂರು ದಾಟೋಷ್ಟರಲ್ಲಿ ಲಾಳ ಹತ್ತಿಕೊಂಡಿತು. ಇಳಿದೆ, ಟೈರಿಗೆ ಒದ್ದೆ. (ಒದ್ದರೆ ಏನು ಗೊತ್ತಾಗುತ್ತೆ ಅಂತ ಕೇಳ್ತೀರಾ? ನೀವು ಯಾಕೆ ಒದೀತೀರಿ, ಮೊದಲು ಅದು ಹೇಳಿ.)

ಕೊನೆಗೆ ಗ್ಲೋವ್ ಬಾಕ್ಸಲ್ಲಿದ್ದ ಪುಸ್ತಕದ ಪ್ಲಾಸ್ಟಿಕ್ ಹರಿದೆ. ಆರು ವರ್ಷದ ಕಾರು, ಪುಸ್ತಕಕ್ಕೆ ಇನ್ನೂ ಶೋರೂಮ್ ವಾಸನೆ! ನನ್ನ ಕಾರಿನ ಟೈರೊಳಗೆ ಸೆನ್ಸರೇ ಇಲ್ವಂತೆ. ಬ್ರೇಕಿನ ಎಬಿಎಸ್ ಹಿಡಿದುಕೊಂಡು ಯಾವ ಚಕ್ರ ಎಷ್ಟು ಸುತ್ತಿತು ಅಂತ ಕಾರೇ ಲೆಕ್ಕ ಇಡುತ್ತೆ. ಗಾಳಿ ಇಳಿದ ಟೈರು ತುಸು ಕುಗ್ಗಿ ಒಂದೆರಡು ಸುತ್ತು ಜಾಸ್ತಿ ಹಾಕುತ್ತೆ, ದೀಪ ಹತ್ತುತ್ತೆ. ಈಗ ಮುಂದಿನವೆರಡು ಹೊಸ ದಪ್ಪ ಟೈರು, ಹಿಂದಿನವು ಸವೆದ ಬಡವರು, ಜಾಸ್ತಿ ಸುತ್ತೋರು. ಇವರ ಗಾಳಿ ಹೋಗಿದೆ ಅಂತ ಕಾರಿಗೆ ಗುಮಾನಿ.

ಟೈರು ಬದಲಾಯಿಸಿದರೆ ಸರಿಯಾಗಿ ಗಾಳಿ ತುಂಬಿ, ಆಮೇಲೆ ರೀಸೆಟ್ ಒತ್ತಿ ಅಂತ ಪುಸ್ತಕ ಹೇಳಿತ್ತು. ನಾವು ಓದೋದು ದ್ವಿತೀಯಾರ್ಧ ಮಾತ್ರ ಅಲ್ವಾ? ಒತ್ತಿದೆ. ದೀಪ ಆರಿತು. ರಾಜಮಂಡ್ರಿ, ಅನ್ನವರಂ, ತುನಿ, ಎಲ್ಲೂ ಲಾಳದ ಸುಳಿವಿಲ್ಲ. ಅನ್ನವರಂ ಪ್ರಸಾದ ತಿನ್ನುತ್ತಾ ಮೆಕ್ಯಾನಿಕ್ ಗತ್ತಲ್ಲಿ ಕೂತಿದ್ದೆ.

ಮರುದಿನ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಗೇಜ್ ಇಟ್ಟರೆ 27! ಬೇಕಾದ್ದು 33. ಆಟೋನಗರದಲ್ಲಿ ಅಳೆದದ್ದು ಕಾದ ಟೈರನ್ನ. ಅದು ಮೈಸೂರ್ ಪಾಕ್ ತಿಂದು ಫಾಸ್ಟಿಂಗ್ ಶುಗರ್ ಕೊಟ್ಟ ಹಾಗೆ. ಆರು ಡಿಗ್ರಿ ಏರಿದರೆ ಹೆಚ್ಚೂಕಮ್ಮಿ ಒಂದು ಪಿಎಸ್‌ಐ ಏರುತ್ತೆ, ತಣ್ಣಗಾದರೆ ಇಳಿಯುತ್ತೆ. ನಾನು ರೀಸೆಟ್ ಒತ್ತಿ ಕಾರಿಗೆ ನನ್ನ ತಪ್ಪನ್ನೇ ಬಾಯಿಪಾಠ ಮಾಡಿಸಿದ್ದೆ. ನಮಗೆ ಬೇಕಿರೋದು ದೀಪ ಆರೋದು, ಟೈರು ಸರಿಹೋಗೋದಲ್ಲ, ಹೌದೋ ಅಲ್ವೋ?

(ನಿಮ್ಮದು ಟೈರೊಳಗೇ ಸೆನ್ಸರ್ ಕೂತಿರೋ ಜಾತಿಯಾದರೆ ದೀಪದ ಕಣ್ಣು ನೋಡಿ. ಸುಮ್ಮನೆ ಉರಿದರೆ ಗಾಳಿ ಕಮ್ಮಿ. ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಮಿಟುಕಿಸಿ ಆಮೇಲೆ ಉರಿದರೆ ಸೆನ್ಸರ್ ವ್ಯವಸ್ಥೆಯೇ ಕೆಟ್ಟಿದೆ. ಸೆನ್ಸರಿನ ಬ್ಯಾಟರಿ ಆಯಸ್ಸು ಐದರಿಂದ ಹತ್ತು ವರ್ಷ. ಟೈರು ಕೀಳೋವಾಗ ಸಬ್ಬಲ್ ತಾಗಿದರೆ ಆವತ್ತೇ ಕೈಲಾಸ.)

ಅವತ್ತು ಸಿಂಹಾಚಲಕ್ಕೂ ಹೋದೆ. ನಮ್ಮ ಕೃಷ್ಣದೇವರಾಯನ 1516ರ ಶಾಸನ ಇದೆ ಅಲ್ಲಿ. ಹಂಪೆಯಿಂದ ಅಷ್ಟು ದೂರ ಬಂದ ದಂಡು, ಲಾಳ ಕಳಚಿದರೆ ಕುದುರೆ ಕುಂಟುತ್ತಿತ್ತು. ಕುದುರೆಗೆ ರೀಸೆಟ್ ಬಟನ್ ಇರಲಿಲ್ಲ ನೋಡಿ.

ಈಗ ಎದ್ದು ಹೋಗಿ ಡ್ರೈವರ್ ಬಾಗಿಲು ತೆಗೀರಿ. ಪಕ್ಕದ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸ್ಟಿಕರ್ ಇರುತ್ತೆ, ಎಷ್ಟು ಗಾಳಿ ಅಂತ ಬರೆದಿರುತ್ತೆ, ಓದ್ಕೊಂಡು ಬನ್ನಿ. ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿ ಒತ್ತಿ ನೋಡಿ. ಗಾಳಿ ಇಲ್ಲ. ಬೆಟ್ ಕಟ್ತೀರಾ?